ಉರಿಮೂತ್ರ: ಮೆಡಿಕಲ್ ಅಂಗಡಿಯಲ್ಲಿ ಏನು ಹೇಳಬೇಕು, ಏನು ಕೇಳಬೇಕು



ಮೂತ್ರ ಮಾಡುವಾಗ ಉರಿ, ಗಳಿಗೆಗೊಮ್ಮೆ ಹೋಗಬೇಕೆನ್ನಿಸುವುದು, ಹೋದರೆ ನಾಲ್ಕು ಹನಿ ಮಾತ್ರ ಬರುವುದು, ಕಿಬ್ಬೊಟ್ಟೆಯಲ್ಲಿ ನೋವು. ಈ ತೊಂದರೆ ಹೆಂಗಸರಲ್ಲಿ ಬಹಳ ಸಾಮಾನ್ಯ. ಹೆಚ್ಚುಕಡಿಮೆ ಅರ್ಧದಷ್ಟು ಮಹಿಳೆಯರಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಇದು ಬಂದೇ ಬರುತ್ತದೆ. ನಮ್ಮ ಕಡೆ ಇದನ್ನು "ಉರಿಮೂತ್ರ" ಎನ್ನುತ್ತಾರೆ, ಇಲ್ಲವೇ ಸುಮ್ಮನೆ "ಉಷ್ಣ ಆಗಿದೆ" ಎಂದುಬಿಡುತ್ತಾರೆ. ಮನೆಯಲ್ಲಿ ತೆಲುಗು ಮಾತನಾಡುವವರು "ಮಂಟ" ಎನ್ನುತ್ತಾರೆ. ವೈದ್ಯರ ಚೀಟಿಯಲ್ಲಿ "ಯು.ಟಿ.ಐ." ಎಂದಿರುತ್ತದೆ. ಕನ್ನಡದಲ್ಲಿ ಮೂತ್ರನಾಳದ ಸೋಂಕು.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಯಾವ ಊರಾದರೂ ಸರಿ, ಈ ಉರಿ ಶುರುವಾದಾಗ ಬಹಳ ಮಂದಿ ಮೊದಲು ಹೋಗುವುದು ಆಸ್ಪತ್ರೆಗಲ್ಲ, ಬಸ್ ನಿಲ್ದಾಣದ ಹತ್ತಿರದ ಮೆಡಿಕಲ್ ಅಂಗಡಿಗೆ. ಅದರಲ್ಲಿ ತಪ್ಪೇನೂ ಇಲ್ಲ. ಅಂಗಡಿ ಹತ್ತಿರ, ಚೀಟಿ ಮಾಡಿಸಿ ಕಾಯುವ ಕೆಲಸವಿಲ್ಲ, ಒಂದು ದಿನದ ಕೂಲಿ ತಪ್ಪುವುದಿಲ್ಲ. ತೊಂದರೆ ಇರುವುದು ಅಲ್ಲಿಗೆ ಹೋಗುವ ರೀತಿಯಲ್ಲಿ. ಎಷ್ಟೋ ಸಲ ತೊಂದರೆ ಇರುವ ಹೆಂಗಸು ಹೋಗುವುದೇ ಇಲ್ಲ. ಗಂಡನನ್ನೋ ಮಗನನ್ನೋ ಕಳಿಸುತ್ತಾಳೆ. ಆತ ನಾಲ್ಕು ಜನರ ಮುಂದೆ ಸಂಕೋಚಪಟ್ಟು "ಉಷ್ಣಕ್ಕೆ ಮಾತ್ರೆ ಕೊಡಿ" ಎನ್ನುತ್ತಾನೆ. ಯಾರಿಗೆ, ಏನಾಗಿದೆ, ಎಷ್ಟು ದಿನದಿಂದ ಎಂದು ಈಚೆಯವರು ಹೇಳುವುದಿಲ್ಲ, ಆಚೆಯವರು ಕೇಳುವುದಿಲ್ಲ. ಸ್ಟ್ರಿಪ್ಪಿನಿಂದ ಕತ್ತರಿಸಿದ ನಾಲ್ಕು ಮಾತ್ರೆ ಕಾಗದದ ಕವರಿನಲ್ಲಿ ಮನೆಗೆ ಬರುತ್ತವೆ. ಎರಡು ದಿನಕ್ಕೆ ಉರಿ ಕಡಿಮೆಯಾಗುತ್ತದೆ, ಮೂರು ವಾರಕ್ಕೆ ಮತ್ತೆ ಬರುತ್ತದೆ. ಈ ಸಲ ಅದೇ ಮಾತ್ರೆ ನಾಟುವುದಿಲ್ಲ. ಚಳಿಜ್ವರ, ಸೊಂಟದ ಮೇಲ್ಭಾಗದ ನೋವು ಎಂದು ಆಸ್ಪತ್ರೆಗೆ ಬರುವಷ್ಟರಲ್ಲಿ ಸೋಂಕು ಮೂತ್ರಪಿಂಡಕ್ಕೆ ಏರಿರುತ್ತದೆ.

ಆದ್ದರಿಂದ ಮೆಡಿಕಲ್ ಅಂಗಡಿಗೆ ಹೋಗಬೇಡಿ ಎಂದು ಈ ಪುಟ ಹೇಳುವುದಿಲ್ಲ. ಅಲ್ಲಿರುವ ಫಾರ್ಮಸಿಸ್ಟ್ ಓದಿದವರು, ಅವರಿಂದ ಪಡೆಯಬಹುದಾದ ಸಹಾಯ ಬಹಳ ಇದೆ. ಅದನ್ನು ಪಡೆಯುವುದು ಹೇಗೆ ಎಂಬುದಷ್ಟೇ ಇಲ್ಲಿಯ ವಿಷಯ.

ಉಷ್ಣವೋ, ಸೋಂಕೋ?

ಬಿಸಿಲಲ್ಲಿ ದುಡಿದು ನೀರು ಕುಡಿಯದಿದ್ದರೆ ಮೂತ್ರ ಗಟ್ಟಿಯಾಗಿ, ಹಳದಿಯಾಗಿ, ಸ್ವಲ್ಪ ಉರಿಯುವುದುಂಟು. ಎಳನೀರು, ಬಾರ್ಲಿ ನೀರು, ಮಜ್ಜಿಗೆ ಕುಡಿದು ಒಂದು ದಿನದಲ್ಲಿ ಅದು ಸರಿಹೋದರೆ ಹಿರಿಯರು ಹೇಳುವ "ಉಷ್ಣ" ಎಂದುಕೊಳ್ಳೋಣ. ಆದರೆ ಸೋಂಕು ಬೇರೆ. ನಮ್ಮ ಕರುಳಿನಲ್ಲಿ ಸದಾ ಇರುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಮೂತ್ರದ್ವಾರದಿಂದ ಒಳಸೇರಿ ಮೂತ್ರಕೋಶದಲ್ಲಿ ಬೆಳೆಯುವುದೇ ಬಹುಪಾಲು ಸೋಂಕಿಗೆ ಕಾರಣ. ಹೆಂಗಸರ ಮೂತ್ರನಾಳ ಸುಮಾರು 4 ಸೆಂಟಿಮೀಟರ್ ಮಾತ್ರ ಉದ್ದ, ಮಲದ್ವಾರಕ್ಕೂ ಹತ್ತಿರ. ಗಂಡಸರಿಗಿಂತ ಹೆಂಗಸರಿಗೆ ಇದು ಹೆಚ್ಚು ಬರುವುದು ಅದಕ್ಕೇ. ಇದು ದೇಹದ ರಚನೆಯಿಂದ ಬರುವ ತೊಂದರೆ, ನಡತೆಯಿಂದ ಬರುವುದಲ್ಲ. ಮದುವೆಯಾದ ಹೊಸದರಲ್ಲಿ ಬಂದರೆ ಅತ್ತೆಯ ಮನೆಯಲ್ಲಿ ಬಾಯಿ ಬಿಡದೆ ನರಳುವ ಹೆಣ್ಣುಮಕ್ಕಳು ಇದನ್ನು ವಿಶೇಷವಾಗಿ ತಿಳಿಯಬೇಕು. ದಂಪತಿಗಳ ಸಂಪರ್ಕದಿಂದ ಬ್ಯಾಕ್ಟೀರಿಯಾ ಒಳಸೇರುವುದು ಸುಲಭವಾಗುತ್ತದೆ, ಅಷ್ಟೇ. ಇದು ಅಂಟುರೋಗವಲ್ಲ.

ಇನ್ನೊಂದು ಗೊಂದಲವೂ ಉಂಟು. ಬಿಳಿ ಹೋಗುವುದು, ಯೋನಿಯಲ್ಲಿ ತುರಿಕೆ, ಕೆಟ್ಟ ವಾಸನೆ ಇದ್ದರೆ ಅದು ಹೆಚ್ಚಾಗಿ ಮೂತ್ರದ ಸೋಂಕಲ್ಲ. ಮೂತ್ರ ತಗುಲಿದಾಗ ಹೊರಗಿನ ಚರ್ಮ ಉರಿಯುವುದರಿಂದ ಎರಡೂ ಒಂದೇ ಎಂದು ತೋರುತ್ತದೆ. ಔಷಧಿ ಮಾತ್ರ ಪೂರ್ತಿ ಬೇರೆ. ಒಂದೇ ಡಬ್ಬಿಯಲ್ಲಿ ಮೂರು ಬಗೆಯ ಮಾತ್ರೆ ಸೇರಿಸಿದ ಕಿಟ್‌ಗಳು ಅಂಗಡಿಯಲ್ಲಿ ಇರುತ್ತವೆ. ವೈದ್ಯರು ನೋಡದೆ ಅವನ್ನು ತೆಗೆದುಕೊಳ್ಳಬೇಡಿ.

ಕಾನೂನು ಏನು ಹೇಳುತ್ತದೆ

ಇಂಗ್ಲೆಂಡಿನಲ್ಲಿ 2024ರ ಜನವರಿ 31ರಿಂದ ಒಂದು ವ್ಯವಸ್ಥೆ ಇದೆ. 16ರಿಂದ 64 ವರ್ಷದೊಳಗಿನ, ಗರ್ಭಿಣಿಯಲ್ಲದ ಮಹಿಳೆಗೆ ಸರಳವಾದ ಮೂತ್ರದ ಸೋಂಕು ಬಂದರೆ ವೈದ್ಯರ ಬಳಿ ಹೋಗದೆ ನೇರವಾಗಿ ಔಷಧಿ ಅಂಗಡಿಗೆ ಹೋಗಬಹುದು. ಅಲ್ಲಿಯ ಫಾರ್ಮಸಿಸ್ಟ್ ಬೇರೆ ಕೋಣೆಯಲ್ಲಿ ಕೂರಿಸಿ ಪ್ರಶ್ನೆ ಕೇಳಿ, ಅಗತ್ಯವಿದ್ದರೆ 3 ದಿನದ ಔಷಧಿಯನ್ನು ತಾವೇ ಕೊಡುತ್ತಾರೆ. ಜ್ವರವೋ ಬೆನ್ನುನೋವೋ ಇದ್ದರೆ ವೈದ್ಯರ ಬಳಿ ಕಳಿಸುತ್ತಾರೆ. ವಿದೇಶದಲ್ಲಿರುವ ಮಕ್ಕಳು ಫೋನಿನಲ್ಲಿ "ಇಲ್ಲಿ ಅಂಗಡಿಯಲ್ಲೇ ಕೊಡುತ್ತಾರಲ್ಲ" ಎನ್ನುವುದು ಇದನ್ನೇ.

ನಮ್ಮ ದೇಶದಲ್ಲಿ ಹಾಗಿಲ್ಲ. ಇಲ್ಲಿ ಆಂಟಿಬಯೋಟಿಕ್ ಮಾತ್ರೆಯನ್ನು ನೋಂದಾಯಿತ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. 1945ರ ಔಷಧ ನಿಯಮಗಳಲ್ಲಿ ಇವು "ಶೆಡ್ಯೂಲ್ ಎಚ್" ಪಟ್ಟಿಯಲ್ಲಿವೆ. ಇವುಗಳಲ್ಲಿ ಬಲವಾದ ಕೆಲವನ್ನು 2014ರ ಮಾರ್ಚ್ 1ರಿಂದ "ಶೆಡ್ಯೂಲ್ ಎಚ್-1" ಎಂಬ ಇನ್ನೂ ಬಿಗಿಯಾದ ಪಟ್ಟಿಗೆ ಸೇರಿಸಲಾಯಿತು. ಮೂತ್ರದ ಸೋಂಕಿಗೆ ಜನ ಹೆಸರು ಹೇಳಿ ಕೇಳುವ ಸೆಫಿಕ್ಸಿಮ್, ಲಿವೊಫ್ಲಾಕ್ಸಾಸಿನ್ ಎರಡೂ ಆ ಪಟ್ಟಿಯಲ್ಲಿವೆ. ಇವನ್ನು ಕೊಟ್ಟಾಗ ವೈದ್ಯರ ಹೆಸರು, ವಿಳಾಸ, ರೋಗಿಯ ಹೆಸರು, ಮಾತ್ರೆಯ ಹೆಸರು, ಎಷ್ಟು ಕೊಟ್ಟರು ಎಂಬುದನ್ನು ಅಂಗಡಿಯವರು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಟ್ಟಿರಬೇಕು. ಸ್ಟ್ರಿಪ್ಪಿನ ಮೇಲೆ ಕೆಂಪು ಗೆರೆ ಕಂಡರೆ ಅದು ಚೀಟಿ ಬೇಕಾದ ಔಷಧಿ ಎಂದು ತಿಳಿಯಿರಿ. ಓದು ಬಾರದವರಿಗೂ ತಿಳಿಯಲೆಂದು ಈ ಕೆಂಪು ಗೆರೆಯ ವಿಷಯವನ್ನು ಕೇಂದ್ರ ಸರ್ಕಾರ 2016ರಲ್ಲಿ ದೇಶದಾದ್ಯಂತ ಪ್ರಚಾರ ಮಾಡಿತು. ನೆರೆಯ ಕೇರಳದಲ್ಲಿ 2024ರ ಆರಂಭದಿಂದ ಚೀಟಿ ಇಲ್ಲದ ಆಂಟಿಬಯೋಟಿಕ್ ಮಾರಾಟದ ಮೇಲೆ ಔಷಧ ನಿಯಂತ್ರಣ ಇಲಾಖೆಯವರೇ ವಿಶೇಷ ತಪಾಸಣೆ ನಡೆಸಿದ್ದಾರೆ.

ಹಾಗಾಗಿ "ಚೀಟಿ ತನ್ನಿ, ಇಲ್ಲದೆ ಕೊಡೋದಿಲ್ಲ" ಎನ್ನುವ ಅಂಗಡಿಯವರ ಮೇಲೆ ಸಿಟ್ಟಾಗಬೇಡಿ. ಪಕ್ಕದ ಅಂಗಡಿಗೂ ಹೋಗಬೇಡಿ. ಕೇಳಿದ ತಕ್ಷಣ ಕತ್ತರಿಸಿ ಕೊಡುವವರಿಗಿಂತ ಅವರೇ ನಿಮಗೆ ಹೆಚ್ಚು ಬೇಕಾದವರು.

ಕಾನೂನಿನ ಇನ್ನೊಂದು ಮಗ್ಗುಲು ನಿಮ್ಮ ಪರವಾಗಿದೆ. ಚೀಟಿಯ ಔಷಧಿಯನ್ನು ನೋಂದಾಯಿತ ಫಾರ್ಮಸಿಸ್ಟ್ ಅವರ ಮೇಲ್ವಿಚಾರಣೆಯಲ್ಲೇ ಕೊಡಬೇಕು. ಅಂಗಡಿಯ ಲೈಸೆನ್ಸ್ ಎಲ್ಲರಿಗೂ ಕಾಣುವಂತೆ ತೂಗುಹಾಕಿರಬೇಕು. 2015ರಲ್ಲಿ ಬಂದ ಫಾರ್ಮಸಿ ವೃತ್ತಿ ನಿಯಮಗಳ ಪ್ರಕಾರ ಔಷಧಿ ತೆಗೆದುಕೊಳ್ಳುವ ಕ್ರಮವನ್ನು ರೋಗಿಗೆ ವಿವರಿಸುವುದೂ, ರೋಗಿಯ ವಿಷಯವನ್ನು ಗುಟ್ಟಾಗಿಡುವುದೂ ಫಾರ್ಮಸಿಸ್ಟರ ಕರ್ತವ್ಯ. ಇದು ಉಪಕಾರವಲ್ಲ, ಅವರ ಕಾಯಕ. ಸುತ್ತೂರು ಮಠದ ಜೆ.ಎಸ್.ಎಸ್. ಸಂಸ್ಥೆ ಮೈಸೂರಿನಲ್ಲಿ 1973ರಲ್ಲೇ ಫಾರ್ಮಸಿ ಕಾಲೇಜು ತೆರೆಯಿತು. ಅಲ್ಲಿಯ ಫಾರ್ಮಸಿಸ್ಟರು ವಾರ್ಡಿಗೆ ಬಂದು ರೋಗಿಯ ಹಾಸಿಗೆಯ ಪಕ್ಕದಲ್ಲಿ ಔಷಧಿಯ ವಿಷಯ ತಿಳಿಸುವ ಪದ್ಧತಿ 1990ರ ದಶಕದಲ್ಲೇ ಬೆಳೆಯಿತು. ಔಷಧಿ ಎಣಿಸಿ ಕೊಡುವುದಷ್ಟೇ ಅವರ ಕೆಲಸವೆಂದು ನಾವು ತಿಳಿದಿರುವುದರಿಂದ ಅವರೂ ಅಷ್ಟಕ್ಕೇ ನಿಲ್ಲುತ್ತಾರೆ.

ಕೌಂಟರಿನಲ್ಲಿ ಏನು ಹೇಳಬೇಕು

ಸಾಧ್ಯವಾದರೆ ನೀವೇ ಹೋಗಿ. ಜನ ಕಡಿಮೆ ಇರುವ ಹೊತ್ತು ನೋಡಿ, ಮಧ್ಯಾಹ್ನ ಊಟದ ನಂತರ ಅಂಗಡಿಗಳಲ್ಲಿ ಅಷ್ಟು ಗದ್ದಲವಿರುವುದಿಲ್ಲ. "ಸ್ವಲ್ಪ ಈ ಕಡೆ ಬನ್ನಿ ಅಣ್ಣ, ಒಂದು ವಿಷಯ ಕೇಳಬೇಕು" ಎಂದರೆ ಸಾಕು, ಬಹಳ ಜನ ಅರ್ಥ ಮಾಡಿಕೊಳ್ಳುತ್ತಾರೆ. ಹೇಳಲು ಬಾಯಿ ಬರದಿದ್ದರೆ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೊಡಿ. ಮನೆಯವರನ್ನೇ ಕಳಿಸಬೇಕಾಗಿ ಬಂದರೂ ಈ ಚೀಟಿಯನ್ನು ಬರೆದು ಕೊಡಿ.

ಚೀಟಿಯಲ್ಲಿ ಇರಬೇಕಾದದ್ದು ಇಷ್ಟು. ವಯಸ್ಸು. ಎಷ್ಟು ದಿನದಿಂದ. ಉರಿ ಇದೆಯೇ, ರಾತ್ರಿ ಹೊಸದಾಗಿ ಎದ್ದೆದ್ದು ಹೋಗಬೇಕಾಗಿದೆಯೇ, ಮೂತ್ರ ಕದಡಿದಂತಿದೆಯೇ. ಇಂಗ್ಲೆಂಡಿನ ಫಾರ್ಮಸಿಸ್ಟರೂ ಮೊದಲು ನೋಡುವುದು ಈ ಮೂರನ್ನೇ. ಇವುಗಳಲ್ಲಿ ಎರಡಿದ್ದರೆ ಸೋಂಕಿನ ಸಾಧ್ಯತೆ ಹೆಚ್ಚು. ನಂತರ ಗರ್ಭಿಣಿಯೇ ಅಥವಾ ಮುಟ್ಟು ತಪ್ಪಿದೆಯೇ, ಹಾಲುಣಿಸುತ್ತಿದ್ದೀರಾ, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ, ಕಲ್ಲು ಇದೆಯೇ. ಈಗ ನುಂಗುತ್ತಿರುವ ಮಾತ್ರೆಗಳು ಯಾವುವು. ಹಿಂದೆ ಯಾವ ಮಾತ್ರೆಗೆ ಮೈ ಮೇಲೆ ಗಂಧೆ ಎದ್ದಿತ್ತು, ಉಸಿರು ಕಟ್ಟಿತ್ತು. ಕಳೆದ ಸಲ ಯಾವಾಗ ಬಂದಿತ್ತು, ಆಗ ಏನು ತೆಗೆದುಕೊಂಡಿರಿ. ಹಳೆಯ ಸ್ಟ್ರಿಪ್ ಇದ್ದರೆ ಅದನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ. "ಬಿಳಿ ಉದ್ದ ಮಾತ್ರೆ" ಎಂದರೆ ಯಾರಿಗೂ ತಿಳಿಯುವುದಿಲ್ಲ, ಬಿಳಿ ಉದ್ದ ಮಾತ್ರೆಗಳು ನೂರಾರು ಇವೆ.

ಇಷ್ಟು ಕೇಳಿದ ಫಾರ್ಮಸಿಸ್ಟ್ ನಿಮಗೆ ಒಂದು ಮುಖ್ಯವಾದ ಮಾತು ಹೇಳಬಲ್ಲರು: ನಾಳೆ ಬೆಳಿಗ್ಗೆಯವರೆಗೆ ಕಾಯಬಹುದೋ, ಈಗಲೇ ವೈದ್ಯರ ಬಳಿ ಹೋಗಬೇಕೋ ಎಂದು.

ಚೀಟಿ ಇಲ್ಲದೆ ಅಂಗಡಿಯಲ್ಲಿ ಸಿಗುವ ಸಹಾಯ

ನೋವಿಗೆ, ಮೈ ಬೆಚ್ಚಗಿದ್ದರೆ ಪ್ಯಾರಸಿಟಮಾಲ್ ಸಿಗುತ್ತದೆ. ಮೂತ್ರಪಿಂಡದ ತೊಂದರೆ ಇರುವವರು ಬೇರೆ ನೋವಿನ ಮಾತ್ರೆಗಳನ್ನು ತಾವಾಗಿಯೇ ನುಂಗಬಾರದು.

ಉರಿಮೂತ್ರದ ಸಿರಪ್ ಎಂದು ಎಲ್ಲರೂ ಕೇಳುವುದು ಸಿಟ್ರೇಟ್ ದ್ರವವನ್ನು. ಇದನ್ನು ನೀರಿಗೆ ಬೆರೆಸಿ ಕುಡಿಯಬೇಕು. ಮೂತ್ರದ ಹುಳಿ ಕಡಿಮೆ ಮಾಡುವುದರಿಂದ ಕೆಲವರಿಗೆ ಉರಿ ತಗ್ಗಿದಂತೆನ್ನಿಸುತ್ತದೆ. ಆದರೆ ಬ್ಯಾಕ್ಟೀರಿಯಾ ಇದರಿಂದ ಸಾಯುವುದಿಲ್ಲ. ಬಾಟಲಿ ಮುಗಿಯುವವರೆಗೆ ಕಾದು ಕೂತರೆ ಸೋಂಕು ಮೇಲೇರಲು ನಾವೇ ಸಮಯ ಕೊಟ್ಟಂತೆ. ಪೊಟ್ಯಾಸಿಯಂ ಇರುವ ಸಿಟ್ರೇಟ್ ಮೂತ್ರಪಿಂಡದ ರೋಗಿಗಳಿಗೂ, ಬಿ.ಪಿ.ಯ ಕೆಲವು ಮಾತ್ರೆ ನುಂಗುವವರಿಗೂ ಅಪಾಯ. ಸೋಡಿಯಂ ಇರುವುದು ಬಿ.ಪಿ., ಹೃದಯದ ತೊಂದರೆ ಇರುವವರಿಗೆ ಒಳ್ಳೆಯದಲ್ಲ. "ನನಗೆ ಬಿ.ಪಿ. ಇದೆ, ಇದು ಆಗುತ್ತದೆಯೇ?" ಎಂಬ ಒಂದು ಪ್ರಶ್ನೆ ಕೇಳಿ ಬಾಟಲಿ ತೆಗೆದುಕೊಳ್ಳಿ.

ಅಂಗಡಿಯಲ್ಲಿ ಸಿಗುವ ಇನ್ನೊಂದು ವಸ್ತು ಯಾರಿಗೂ ನೆನಪಾಗುವುದಿಲ್ಲ. ಅದು ಮೂತ್ರ ಪರೀಕ್ಷೆಯ ಶುದ್ಧ ಡಬ್ಬಿ. ಆಂಟಿಬಯೋಟಿಕ್‌ನ ಮೊದಲ ಮಾತ್ರೆ ನುಂಗುವುದಕ್ಕೆ ಮುಂಚೆ ಕೊಟ್ಟ ಮೂತ್ರದಲ್ಲಿ ಮಾತ್ರ ಬ್ಯಾಕ್ಟೀರಿಯಾ ಸರಿಯಾಗಿ ಸಿಗುತ್ತದೆ. ಎರಡು ಮಾತ್ರೆ ನುಂಗಿ ಬಂದರೆ ಕಲ್ಚರ್ ಪರೀಕ್ಷೆಯಲ್ಲಿ ಏನೂ ಬೆಳೆಯದೆ ಹೋಗಬಹುದು, ಕೊಟ್ಟ ಹಣವೂ ದಂಡ. ಮೊದಲು ನೀರಿನಿಂದ ತೊಳೆದುಕೊಳ್ಳಿ. ಸ್ವಲ್ಪ ಮೂತ್ರವನ್ನು ಹೊರಗೆ ಬಿಟ್ಟು, ನಡುವಿನ ಧಾರೆಯನ್ನು ಡಬ್ಬಿಗೆ ಹಿಡಿಯಿರಿ. ಡಬ್ಬಿಯ ಒಳಗೆ, ಮುಚ್ಚಳದ ಒಳಭಾಗಕ್ಕೆ ಕೈ ತಾಗಬಾರದು. ಎರಡು ಗಂಟೆಯೊಳಗೆ ಲ್ಯಾಬಿಗೆ ತಲುಪಿಸಿ. ಹಳ್ಳಿಯಿಂದ ಬಸ್ಸಿನಲ್ಲಿ ತರುವವರು ಮನೆಯಲ್ಲಿ ಹಿಡಿದು ತರುವ ಬದಲು ಆಸ್ಪತ್ರೆಗೆ ಬಂದೇ ಕೊಡುವುದು ಮೇಲು. ಕಲ್ಚರ್ ವರದಿಗೆ ಎರಡು ಮೂರು ದಿನ ಹಿಡಿಯುತ್ತದೆ. ಯಾವ ಔಷಧಿ ನಾಟುತ್ತದೆ, ಯಾವುದು ನಾಟುವುದಿಲ್ಲ ಎಂದು ಅದರಲ್ಲಿ ಬರೆದಿರುತ್ತದೆ. ಆ ಕಾಗದವನ್ನು ಎಸೆಯಬೇಡಿ, ಮುಂದಿನ ಸಲಕ್ಕೆ ಅದೇ ದಾರಿ ತೋರಿಸುತ್ತದೆ.

ಚೀಟಿ ತಂದ ಮೇಲೆ ಕೇಳಬೇಕಾದದ್ದು

ಸರಳ ಸೋಂಕಿಗೆ ಈಗ ವೈದ್ಯರು ಹೆಚ್ಚಾಗಿ ಬರೆಯುವುದು ನೈಟ್ರೋಫ್ಯುರಾಂಟೊಯಿನ್ ಅಥವಾ ಫಾಸ್ಫೋಮೈಸಿನ್. ನೈಟ್ರೋಫ್ಯುರಾಂಟೊಯಿನ್ ಮಾತ್ರೆಯನ್ನು ಊಟದ ಜೊತೆ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಹೊಟ್ಟೆ ತೊಳಸುತ್ತದೆ. ಮೂತ್ರ ಕಡು ಹಳದಿ, ಕಂದು ಬಣ್ಣಕ್ಕೆ ತಿರುಗಬಹುದು. ಹೆದರಿ ನಿಲ್ಲಿಸಬೇಡಿ, ಅದು ಔಷಧಿಯ ಬಣ್ಣ. ಮೇಲೆ ಹೇಳಿದ ಸಿಟ್ರೇಟ್ ಸಿರಪ್ ಇದರ ಜೊತೆ ಬೇಡ. ಮೂತ್ರದ ಹುಳಿ ಕಡಿಮೆಯಾದರೆ ಈ ಮಾತ್ರೆಯ ಶಕ್ತಿಯೂ ಕಡಿಮೆಯಾಗುತ್ತದೆ. ಎರಡನ್ನೂ ಒಟ್ಟಿಗೆ ಕುಡಿಯುವವರು ನಮ್ಮಲ್ಲಿ ಬಹಳ. ಮೂತ್ರಪಿಂಡ ದುರ್ಬಲವಾಗಿರುವವರಿಗೆ, ಹೆರಿಗೆಯ ದಿನ ಹತ್ತಿರ ಬಂದ ಗರ್ಭಿಣಿಯರಿಗೆ ಇದನ್ನು ಕೊಡುವುದಿಲ್ಲ. ಫಾಸ್ಫೋಮೈಸಿನ್ ಪುಡಿಯ ಪೊಟ್ಟಣ. ಸಾಮಾನ್ಯವಾಗಿ ಒಂದೇ ಪೊಟ್ಟಣ, ನೀರಿನಲ್ಲಿ ಕರಗಿಸಿ ಒಂದೇ ಸಲ ಕುಡಿಯುವುದು. ಬೆಲೆ ಸ್ವಲ್ಪ ಹೆಚ್ಚು.

ನಾರ್‌ಫ್ಲಾಕ್ಸಾಸಿನ್, ಸಿಪ್ರೊಫ್ಲಾಕ್ಸಾಸಿನ್, ಓಫ್ಲಾಕ್ಸಾಸಿನ್ ಹೀಗೆ "ಫ್ಲಾಕ್ಸಾಸಿನ್" ಎಂದು ಮುಗಿಯುವ ಮಾತ್ರೆಗಳು ಎಷ್ಟೋ ಮನೆಗಳ ಡಬ್ಬಿಯಲ್ಲಿ ಇರುತ್ತವೆ. ಬೇಧಿಗೂ ಅದೇ, ಉರಿಮೂತ್ರಕ್ಕೂ ಅದೇ ಎಂದು ವರ್ಷಗಟ್ಟಲೆ ನುಂಗಿದ್ದರಿಂದ ಇ. ಕೋಲಿ ಇವಕ್ಕೆ ಬಗ್ಗದಂತಾಗಿದೆ. ಸ್ನಾಯುರಜ್ಜುಗಳಿಗೆ ಪೆಟ್ಟು ಬೀಳುವಂಥ ಅಡ್ಡಪರಿಣಾಮಗಳೂ ಉಂಟು. ಬೇರೆ ಔಷಧಿ ಇರುವಾಗ ಸರಳ ಮೂತ್ರದ ಸೋಂಕಿಗೆ ಇವನ್ನು ಬಳಸಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲೇ ಎಚ್ಚರಿಸಿತು. ಯಾವುದೋ ಕಾರಣಕ್ಕೆ ವೈದ್ಯರು ಇದನ್ನೇ ಬರೆದಿದ್ದರೆ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ಹಾಲು, ಗ್ಯಾಸಿನ ಔಷಧಿ ಇವುಗಳ ಜೊತೆ ನುಂಗಬೇಡಿ. ಜೊತೆಯಾದರೆ ಔಷಧಿ ರಕ್ತಕ್ಕೆ ಸೇರುವುದೇ ಇಲ್ಲ. ಎಷ್ಟು ಗಂಟೆ ಅಂತರ ಕೊಡಬೇಕೆಂದು ಫಾರ್ಮಸಿಸ್ಟರನ್ನು ಕೇಳಿ ಸ್ಟ್ರಿಪ್ಪಿನ ಮೇಲೆ ಬರೆಸಿಕೊಳ್ಳಿ. ರಕ್ತಹೀನತೆಗೆಂದು ಕಬ್ಬಿಣದ ಮಾತ್ರೆ ನುಂಗುವ ಹೆಂಗಸರು ನಮ್ಮಲ್ಲಿ ಮನೆಗೊಬ್ಬರಿದ್ದಾರೆ.

ಸಕ್ಕರೆ ಕಾಯಿಲೆಯವರು ಒಂದು ಮಾತು ಹೆಚ್ಚಾಗಿ ಕೇಳಬೇಕು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳು ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುತ್ತವೆ. ಒಳ್ಳೆಯ ಔಷಧಿಗಳೇ. ಆದರೆ ಇವುಗಳಿಂದ ಕೆಲವು ಹೆಂಗಸರಿಗೆ ಗುಪ್ತಾಂಗದಲ್ಲಿ ಬೂಷ್ಟಿನ ಸೋಂಕು, ತುರಿಕೆ, ಉರಿ ಬರುತ್ತದೆ. ಉರಿ ಬಂದರೆ ಸಕ್ಕರೆಯ ಮಾತ್ರೆಯ ಹೆಸರನ್ನು ತಪ್ಪದೆ ತಿಳಿಸಿ.

ಹಣದ ಚಿಂತೆ ಇದ್ದರೆ "ಇದೇ ಔಷಧಿ ಕಡಿಮೆ ಬೆಲೆಯಲ್ಲಿ ಜನೌಷಧಿ ಕೇಂದ್ರದಲ್ಲಿ ಸಿಗುತ್ತದೆಯೇ?" ಎಂದು ನಾಚಿಕೆಯಿಲ್ಲದೆ ಕೇಳಿ. ಐದು ದಿನದ ಚೀಟಿಗೆ ಎರಡು ದಿನದ ಮಾತ್ರೆ ಕೊಳ್ಳುವುದು ಉಳಿತಾಯವಲ್ಲ. ಬಿಲ್ ಪಡೆಯಿರಿ.

ಅಂಗಡಿಯಲ್ಲಿ ನಿಲ್ಲದೆ ನೇರ ಆಸ್ಪತ್ರೆಗೆ ಬರಬೇಕಾದವರು

ಚಳಿ ಬಂದು ಜ್ವರ, ಪಕ್ಕೆಯ ಹಿಂದೆ ಸೊಂಟದ ಮೇಲೆ ನೋವು, ವಾಂತಿ ಇದ್ದರೆ ಸೋಂಕು ಮೂತ್ರಪಿಂಡಕ್ಕೆ ಹೋಗಿರಬಹುದು. ಅಂದೇ ಬನ್ನಿ, ರಾತ್ರಿಯಾದರೂ ಬನ್ನಿ, ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಗರ್ಭಿಣಿಯರು ಉರಿ ಸ್ವಲ್ಪವೇ ಇದ್ದರೂ ಅಂಗಡಿಯ ಔಷಧಿ ಮುಟ್ಟಬಾರದು. ಗರ್ಭಿಣಿಯಲ್ಲಿ ಮೂತ್ರದ ಸೋಂಕು ಬೇಗ ಮೂತ್ರಪಿಂಡಕ್ಕೆ ಏರುತ್ತದೆ, ದಿನ ತುಂಬುವ ಮೊದಲೇ ಹೆರಿಗೆಯಾಗುವ ಅಪಾಯವಿದೆ. ಉರಿಯೇ ಇಲ್ಲದೆಯೂ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇರಬಹುದು, ತಪಾಸಣೆಯಲ್ಲಿ ಮೂತ್ರ ಪರೀಕ್ಷೆ ಮಾಡಿಸುವುದು ಅದಕ್ಕೇ. ಮೂತ್ರದಲ್ಲಿ ರಕ್ತ ಕಂಡವರು, ಸಕ್ಕರೆ ಕಾಯಿಲೆಯವರು, ಮೂತ್ರದ ಪೈಪು ಹಾಕಿಸಿಕೊಂಡವರು, ಚಿಕ್ಕ ಮಕ್ಕಳು, ಗಂಡಸರು ಇವರೆಲ್ಲ ಮೊದಲು ವೈದ್ಯರನ್ನೇ ಕಾಣಬೇಕು. ವಯಸ್ಸಾದ ಅಜ್ಜಿಯರಲ್ಲಿ ಜ್ವರದ ಜೊತೆ ಇದ್ದಕ್ಕಿದ್ದಂತೆ ಮಾತು ತಡವರಿಸುವುದು, ಮಂಕು ಕವಿಯುವುದು ಕಂಡರೆ "ವಯಸ್ಸಾಯಿತು" ಎಂದು ಬಿಡಬೇಡಿ.

ನೀರು ಕುಡಿಯಲು ಹೆದರುವ ಊರು

ಶಿಡ್ಲಘಟ್ಟದ ನೂಲು ಬಿಚ್ಚುವ ಘಟಕಗಳಲ್ಲಿ ಬಿಸಿನೀರಿನ ಮುಂದೆ ದಿನವಿಡೀ ಕೂರುವ ಹೆಂಗಸರು, ಗಾರ್ಮೆಂಟ್ಸಿಗೆ ಬೆಳಿಗ್ಗೆಯೇ ಬಸ್ಸು ಹತ್ತುವ ಹೆಣ್ಣುಮಕ್ಕಳು, ಹೂವಿನ ತೋಟ, ಟೊಮೆಟೊ ಹೊಲದ ಕೂಲಿಯವರು ಬೇಕೆಂದೇ ನೀರು ಕುಡಿಯುವುದಿಲ್ಲ. ಕುಡಿದರೆ ಹೋಗಬೇಕಾಗುತ್ತದೆ, ಹೋಗಲು ಜಾಗವಿಲ್ಲ. ಹುಳು ಹಣ್ಣಾಗುವ ವಾರ ಬಂತೆಂದರೆ ರೇಷ್ಮೆ ಸಾಕುವ ಮನೆಯ ಹೆಂಗಸಿಗೆ ಕೂತು ಒಂದು ಲೋಟ ನೀರು ಕುಡಿಯಲೂ ಬಿಡುವಿರುವುದಿಲ್ಲ. ಇದಕ್ಕೆ ಯಾವ ಮಾತ್ರೆಯೂ ಪೂರ್ತಿ ಪರಿಹಾರವಲ್ಲ. ಪದೇ ಪದೇ ಸೋಂಕು ಬರುತ್ತಿದ್ದ, ಕಡಿಮೆ ನೀರು ಕುಡಿಯುವ ಮಹಿಳೆಯರು ದಿನಕ್ಕೆ ಒಂದೂವರೆ ಲೀಟರ್ ಹೆಚ್ಚು ನೀರು ಕುಡಿದಾಗ ಸೋಂಕು ಸುಮಾರು ಅರ್ಧಕ್ಕೆ ಇಳಿಯಿತೆಂದು 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಖರ್ಚಿಲ್ಲದ ಔಷಧಿ. ಹೃದಯ, ಮೂತ್ರಪಿಂಡದ ತೊಂದರೆಯಿಂದ ನೀರಿನ ಮಿತಿ ಹೇಳಿಸಿಕೊಂಡವರು ಮಾತ್ರ ವೈದ್ಯರನ್ನು ಕೇಳಿ ಹೆಚ್ಚಿಸಬೇಕು.

ಕಾರ್ಖಾನೆಗಳಲ್ಲಿ ಕುಡಿಯುವ ನೀರು, ಹೆಂಗಸರಿಗೆ ಪ್ರತ್ಯೇಕ ಶೌಚಾಲಯ ಇರಲೇಬೇಕೆಂದು 1948ರ ಕಾರ್ಖಾನೆ ಕಾಯಿದೆಯೇ ಹೇಳಿತ್ತು. ಕೇಳುವುದು ನಿಮ್ಮ ಹಕ್ಕು. ಈ ಪುಟ ಓದುತ್ತಿರುವ ಗಂಡಸರಲ್ಲಿ ಘಟಕದ ಯಜಮಾನರಿದ್ದರೆ ಅವರೂ ಗಮನಿಸಲಿ.

ಮೂರು ನಾಲ್ಕು ಗಂಟೆಗೊಮ್ಮೆ ಮೂತ್ರ ಮಾಡಿ, ತಡೆದಿಡಬೇಡಿ. ತೊಳೆಯುವಾಗ ಮುಂದಿನಿಂದ ಹಿಂದಕ್ಕೆ ತೊಳೆಯಿರಿ. ಸಂಪರ್ಕದ ನಂತರ ಮೂತ್ರ ಮಾಡಿ ಮಲಗಿ. ಒಳಭಾಗಕ್ಕೆ ಸೋಪು, ಡೆಟಾಲ್ ಹಾಕಬೇಡಿ. ಮುಟ್ಟು ನಿಂತ ಮೇಲೆ ಪದೇ ಪದೇ ಬರುತ್ತಿದ್ದರೆ ಅದಕ್ಕೆ ಬೇರೆ ಚಿಕಿತ್ಸೆ ಇದೆ, ಸ್ತ್ರೀರೋಗ ತಜ್ಞರನ್ನು ಕಾಣಿ.

ಔಷಧಿ ಶುರುಮಾಡಿ ಎರಡು ದಿನವಾದರೂ ಉರಿ ತಗ್ಗದಿದ್ದರೆ, ಅಥವಾ ಮುಗಿಸಿದ ಎರಡು ವಾರದೊಳಗೆ ಮತ್ತೆ ಬಂದರೆ, ಅದೇ ಚೀಟಿ ತೋರಿಸಿ ಅದೇ ಮಾತ್ರೆ ಮತ್ತೆ ಕೊಳ್ಳಬೇಡಿ. ಚೀಟಿ, ಖಾಲಿ ಸ್ಟ್ರಿಪ್, ಕಲ್ಚರ್ ವರದಿ ಮೂರನ್ನೂ ತೆಗೆದುಕೊಂಡು ಹೊರರೋಗಿ ವಿಭಾಗಕ್ಕೆ ಬನ್ನಿ. ಮಾತ್ರೆ ನುಂಗುವ ಕ್ರಮದಲ್ಲಿ ಸಂಶಯವಿದ್ದರೆ ಅಷ್ಟಕ್ಕೇ ಹೊಸ ಚೀಟಿ ಮಾಡಿಸುವ ಅಗತ್ಯವಿಲ್ಲ, ಔಷಧಿ ಕೊಟ್ಟ ಕಿಟಕಿಯಲ್ಲೇ ಫಾರ್ಮಸಿಸ್ಟರನ್ನು ಕೇಳಿ.